ಮಕ್ಕಳ ಮುಖ ಕಾಣದೆ ಪಾಠ ಮಾಡಿದವರ ದಣಿವು

ಆಪ್ತ ಸಮಾಲೋಚನೆಗೆ ಬರುವ ಶಿಕ್ಷಕರು ಸಾಮಾನ್ಯವಾಗಿ ನಿದ್ದೆ ಬಾರದಿರುವುದನ್ನೇ ಮೊದಲು ಹೇಳುತ್ತಾರೆ. ಆಮೇಲೆ ತಲೆನೋವು, ಸಿಟ್ಟು. ಕೊರೋನಾ ಕಾಲದ ಮಾತು ಬರುವುದು ತುಂಬಾ ತಡವಾಗಿ. ‘ಅದೆಲ್ಲ ಮುಗಿದು ಹೋಯ್ತಲ್ಲ’ ಎಂದು ತಾವೇ ಅದನ್ನು ತಳ್ಳಿಹಾಕುತ್ತಾರೆ.

2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 150 ಕೋಟಿ ವಿದ್ಯಾರ್ಥಿಗಳಿಗೆ ತರಗತಿ ತಪ್ಪಿತ್ತು ಎಂದು ಯುನೆಸ್ಕೊ ಲೆಕ್ಕ ಹಾಕಿತ್ತು. ಅವರ ಕಲಿಕೆ ಏನಾಯಿತು ಅಂತ ಬೇಕಾದಷ್ಟು ಚರ್ಚೆ ನಡೆಯಿತು, ನಡೆಯಲೇಬೇಕಿತ್ತು. ಕಲಿಸುವವರ ಮನಸ್ಸು ಏನಾಯಿತು ಅಂತ ಕೇಳಿದವರು ಕಡಿಮೆ.

ಕೆಲಸ ಜಾಸ್ತಿಯಾಗಿದ್ದು ನಿಜ. ಆದರೆ ನನಗೆ ಕಾಣುವ ದೊಡ್ಡ ಪೆಟ್ಟು ಬೇರೆ. ಪಾಠ ಮಾಡುವಾಗ ಶಿಕ್ಷಕರು ಮಕ್ಕಳ ಮುಖ ಓದುತ್ತಲೇ ಇರುತ್ತಾರೆ. ಒಬ್ಬಳು ಹುಬ್ಬು ಗಂಟಿಕ್ಕಿದರೆ ಇನ್ನೊಂದು ಉದಾಹರಣೆ ಕೊಡುತ್ತಾರೆ. ಹಿಂದಿನ ಬೆಂಚಿನ ಹುಡುಗ ತಲೆಯಾಡಿಸಿದರೆ ಮುಂದಕ್ಕೆ ಹೋಗುತ್ತಾರೆ. ಅವರ ಶಕ್ತಿ ಖರ್ಚಾಗುವುದೂ ಅಲ್ಲೇ, ಮತ್ತೆ ತುಂಬಿಕೊಳ್ಳುವುದೂ ಅಲ್ಲೇ. ಆನ್‌ಲೈನ್ ಪಾಠದಲ್ಲಿ ಖರ್ಚು ಮಾತ್ರ ಉಳಿಯಿತು. ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ‘ಅರ್ಥ ಆಯ್ತಾ?’ ಅಂದರೆ ಉತ್ತರವಿಲ್ಲ. ಪರದೆಯ ಮೂಲೆಯಲ್ಲಿ ಗಂಟೆಗಟ್ಟಲೆ ತಮ್ಮದೇ ಮುಖ. ವಿಡಿಯೊ ಕರೆಗಳಲ್ಲಿ ಆಗುವ ದಣಿವಿಗೆ ಹೀಗೆ ತನ್ನನ್ನೇ ನೋಡುತ್ತಿರುವುದೂ ಒಂದು ಕಾರಣ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದರು.

ಫೋನ್ ಇಲ್ಲದೆ ಪಾಠದಿಂದ ದೂರವಾದ ಮಕ್ಕಳ ನೆನಪು ಇನ್ನೊಂದು ಭಾರ. ಅದು ತಮ್ಮದೇ ತಪ್ಪು ಎಂಬಂತೆ ಎಷ್ಟೋ ಶಿಕ್ಷಕರು ಇಂದಿಗೂ ಮಾತಾಡುತ್ತಾರೆ.

ಇಂಥ ದಣಿವಿಗೆ ‘ಬರ್ನ್‌ಔಟ್’ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಕೆಲಸದ ಒತ್ತಡ ತೀರದೆ ಉಳಿದಾಗ ಬರುವ ಸ್ಥಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಹೇಳುವ ಲಕ್ಷಣಗಳು ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ‘ನನ್ನ ಕೈಲಾಗುತ್ತಿಲ್ಲ’ ಅನ್ನಿಸುವುದು. ಶಿಕ್ಷಕರಿಗೆ ತುಂಬಾ ನೋವು ಕೊಡುವುದು ಎರಡನೆಯದು. ‘ಮಕ್ಕಳ ಮೇಲೆ ಮೊದಲಿನ ಪ್ರೀತಿ ಬರ್ತಿಲ್ಲ ಮೇಡಂ’ ಎಂದು ನಾಚಿಕೆಯಿಂದ ಹೇಳುತ್ತಾರೆ. ನಾಚಿಕೆ ಬೇಡ. ಅದು ದಣಿವಿನ ಲಕ್ಷಣ, ಗುಣದ ದೋಷವಲ್ಲ.

ಶಾಲೆ ತೆರೆದ ಮೇಲೂ ಬಿಡುವು ಸಿಗಲಿಲ್ಲ. ಹಿಂದುಳಿದ ಕಲಿಕೆ, ಒಂದೆಡೆ ಕೂರಲಾಗದ ಮಕ್ಕಳು, ಪಾಠ ಮುಗಿಸುವ ಅವಸರ ಎಲ್ಲ ಒಟ್ಟಿಗೇ ಬಂದವು. ಇಂಥ ಕಡೆ ಶಿಕ್ಷಕರಿಗೆ ಸುಮ್ನೆ ಧ್ಯಾನ ಮಾಡಿ ಅಂದರೆ ಸಾಲದು. ಸಂಜೆಯ ಮೇಲೆ ಶಾಲೆಯ ಮೆಸೇಜ್ ಕಳಿಸಬಾರದು ಎಂದು ಮುಖ್ಯಶಿಕ್ಷಕರು ನಿಯಮ ಮಾಡಬಹುದು. ಲೆಕ್ಕಪತ್ರದ ಕೆಲಸ ಕಡಿಮೆ ಮಾಡಬಹುದು. ಇನ್ನು, ಎರಡು ವಾರ ಕಳೆದರೂ ಬೇಸರ, ನಿದ್ದೆಗೇಡು ಹೋಗದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಅವತ್ತೇ, ಹತ್ತಿರದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.