ಪಿಂಗ್ ನದಿಯ ಮರಳು ವಿಹಾರ ಸೇರುವ ದಿನ

ಬೌದ್ಧ ವಿಹಾರಕ್ಕೆ ಬಂದುಹೋಗುವವರ ಅಂಗಾಲಿಗೆ ಅಂಟಿ ಅಂಗಳದ ಮರಳು ವರ್ಷವಿಡೀ ಒಂದಿಷ್ಟು ಹೊರಗೆ ಹೋಗುತ್ತಲೇ ಇರುತ್ತದೆ. ಅದು ಭಿಕ್ಷು ಸಂಘದ ಸೊತ್ತು. ಹೊಸ ವರ್ಷಕ್ಕೆ ನದಿಯಿಂದ ಮರಳು ಹೊತ್ತು ತಂದು ಆ ಋಣ ತೀರಿಸಬೇಕು ಎಂಬುದು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಸೀಮೆಯವರ ನಂಬಿಕೆ. ಈ ಹೊಸ ವರ್ಷದ ಸೊಂಕ್ರಾನ್ ಹಬ್ಬದ ನೀರೆರಚಾಟ ಲೋಕಕ್ಕೆಲ್ಲ ಗೊತ್ತು. ಅಲ್ಲಿ ಹರಿಯುವ ಪಿಂಗ್ ನದಿಗೂ ಈ ಹಬ್ಬಕ್ಕೂ ಇರುವ ನಂಟು ತಿಳಿಯಬೇಕಾದರೆ ಮರಳಿನ ಕಡೆಗೂ ನೋಡಬೇಕು.

ನಮ್ಮ ತುಳುನಾಡಿನ ಬಿಸುವಿನಂತೆ ಇದೂ ಮೇಷ ಸಂಕ್ರಮಣದ ಹಬ್ಬ. ಈಗ ಏಪ್ರಿಲ್ 13ರಿಂದ 15. ಮೊದಲ ದಿನ ಮನೆ ಗುಡಿಸಿ, ಬಟ್ಟೆ ಒಗೆದು, ತಲೆಗೆ ಸ್ನಾನ. 14ರಂದು ಯಾರನ್ನೂ ಬೈಯುವಂತಿಲ್ಲ, ಬೈದರೆ ಬಾಯಿ ಕೊಳೆಯುತ್ತದಂತೆ. ಮರಳು ತರುವುದು ಅಂದೇ. ಬಿರುಬೇಸಗೆಯಲ್ಲಿ ನದಿ ಇಳಿದು ದಿಬ್ಬಗಳು ಬಯಲಾಗಿರುವುದರಿಂದ ಮರಳು ಸುಲಭವಾಗಿ ಕೈಗೆ ಸಿಗುತ್ತದೆ.

ವಿಹಾರದ ಅಂಗಳದಲ್ಲಿ ಈ ಮರಳಿನಿಂದ ಸ್ತೂಪ ಏಳುತ್ತದೆ. ಬಿದಿರು ಸೀಳಿ ಹೆಣೆದ ಬಳೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಅಂತಸ್ತಾಗಿ ಇಡುತ್ತಾ, ಒಂದೊಂದನ್ನೂ ತುಂಬಿ, ಗಟ್ಟಿಯಾಗಿ ಒತ್ತಿದ ಮೇಲೆಯೇ ಮುಂದಿನದು. ಮರಳು ಹಿಡಿದರೆ ಉಂಡೆಯಾಗುವಷ್ಟು ತೇವವಿರಬೇಕು. ಒಣಗಿದ್ದರೆ ಹೆಣಿಗೆಯ ಸಂದಿನಿಂದ ಸೋರುತ್ತದೆ. ನೀರು ಹೆಚ್ಚಾದರೆ ಜರಿಯುತ್ತದೆ. ಮೆಕ್ಕಲು ಬೆರೆತರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಕೆಳಗಿನ ಬಳೆಯನ್ನು ಸರಿಯಾಗಿ ಒತ್ತದಿದ್ದರೆ ಇಡೀ ಸ್ತೂಪವೇ ವಾಲುತ್ತದೆ. ತುದಿಗೆ ಹೂವು, ‘ತುಂಗ್’ ಎಂಬ ಕಾಗದದ ಪತಾಕೆ. 15ರಂದು ಸ್ತೂಪವನ್ನು ಭಿಕ್ಷುಗಳಿಗೆ ಅರ್ಪಿಸುತ್ತಾರೆ. ಹಬ್ಬ ಮುಗಿದ ಮೇಲೆ ಆ ಮರಳು ಅಂಗಳದ ತಗ್ಗಿಗೋ ವಿಹಾರದ ಕಟ್ಟಡ ಕೆಲಸಕ್ಕೋ ಆಗುತ್ತದೆ.

ಸರ್ಕಾರಿ ಹೊಸ ವರ್ಷ ಮಾತ್ರ ಎರಡು ಸಲ ಜಾಗ ಬದಲಿಸಿತು. ದೊರೆ ಚುಲಾಲಾಂಗ್‌ಕಾರ್ನ್ 1889ರಲ್ಲಿ ಅದನ್ನು ಏಪ್ರಿಲ್ 1ಕ್ಕೆ ನಿಲ್ಲಿಸಿದರು. 1941ರಿಂದ ಅದು ಜನವರಿ 1 ಆಯಿತು; ಹಾಗಾಗಿ 1940ರ ಏಪ್ರಿಲ್‌ನಲ್ಲಿ ಶುರುವಾದ ಬೌದ್ಧ ಶಕೆ 2483ಕ್ಕೆ ಒಂಬತ್ತೇ ತಿಂಗಳು. ಸೊಂಕ್ರಾನ್ ಇದಕ್ಕೆಲ್ಲ ಅಲುಗಲಿಲ್ಲ. ಅದರ ಸ್ವರೂಪ ಬದಲಾದದ್ದು ಬೇರೆ ಕಾರಣಕ್ಕೆ: ಪ್ರವಾಸಿಗರು ಹೆಚ್ಚಿದರು, ನೀರಾಟ ಹಳೆಯ ನಗರದ ಸುತ್ತಲಿನ ಕಂದಕದ ದಂಡೆಗೆ ಬಂತು, ಎಷ್ಟೋ ವಿಹಾರಗಳಿಗೆ ಮರಳು ಲಾರಿಯಲ್ಲಿ ಬರತೊಡಗಿತು. ಯುನೆಸ್ಕೋ 2023ರ ಡಿಸೆಂಬರ್‌ನಲ್ಲಿ ಸೊಂಕ್ರಾನನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಗೌರವ ಆಟದ ಪಿಸ್ತೂಲಿನ ನೀರಿಗಿಂತ ಬೊಗಸೆಯಲ್ಲಿ ಹೊತ್ತ ಮರಳಿಗೆ ಹೆಚ್ಚು ಸಲ್ಲಬೇಕು. ಕಂದಕದ್ದು ನಿಂತ ನೀರು; ಕಣ್ಣಿಗೆ, ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಹಿರಿಯರಿಗೆ ಕೊಡುವ ನೀರೇ ಬೇರೆ. ಅದಕ್ಕೆ ‘ಸೊಮ್ ಪೊಯ್’, ಅಂದರೆ ನಮ್ಮ ಸೀಗೆಕಾಯಿಯೇ ಬೇಕು. ಒಣಗಿದ ಕಾಯನ್ನು ಕೆಂಡದ ಮೇಲೆ ಘಮ ಬರುವವರೆಗೆ ಬಿಸಿ ಮಾಡಿ, ಮುರಿದು ನೀರಿಗೆ ಹಾಕಿ, ಅರಿಸಿನ ಮತ್ತು ಹೂವಿನ ಎಸಳು ಸೇರಿಸುತ್ತಾರೆ. ಕಾಯಿ ಸೀದರೆ ನೀರಿಗೆ ಹೊಗೆಯ ವಾಸನೆ ಹತ್ತುತ್ತದೆ. ಈ ನೀರನ್ನು ಹಿರಿಯರ ತಲೆಗೆ ಎರೆಯುವುದಿಲ್ಲ. ಬಟ್ಟಲನ್ನು ಮುಂದೆ ಹಿಡಿದರೆ ಅವರೇ ಬೆರಳದ್ದಿ ತಲೆಗೂದಲಿಗೆ ಸವರಿಕೊಂಡು, ಹಿಡಿದವರನ್ನು ಹರಸುತ್ತಾರೆ.