ಕೆಲಸ ಹಂಚಿಕೊಂಡಿರಿ, ಕೊನೆಯ ಮಾತು ಯಾರದು?

"ನಾವಿಬ್ಬರೂ ಎಲ್ಲವನ್ನೂ ಮಾತಾಡಿಕೊಂಡೇ ಮಾಡ್ತೀವಿ." ಜಂಟಿ ನಿರ್ದೇಶಕರಿರುವ ಸ್ವಯಂಸೇವಾ ಸಂಸ್ಥೆಗೆ ಸಲಹೆಗೆಂದು ಹೋದಾಗಲೆಲ್ಲ ಮೊದಲು ಕಿವಿಗೆ ಬೀಳುವ ಮಾತು ಇದು. ಹೇಳುವವರಿಗೆ ಹೆಮ್ಮೆ, ನನಗೆ ಆತಂಕ.

ಇಬ್ಬರು ಮುನ್ನಡೆಸುವುದಕ್ಕೆ ನನ್ನ ವಿರೋಧವಿಲ್ಲ. ಸ್ಥಾಪಕರೊಬ್ಬರೇ ವರ್ಷಗಟ್ಟಲೆ ಹೊತ್ತ ಭಾರ ಎರಡು ಹೆಗಲಿಗೆ ಇಳಿದಾಗ ಸಂಸ್ಥೆ ಚೇತರಿಸಿಕೊಂಡಿದ್ದನ್ನು ಕಂಡಿದ್ದೇನೆ. ಪರಿಸರ ಹೋರಾಟದ ಸಂಸ್ಥೆ ಗ್ರೀನ್‌ಪೀಸ್ ಇಂಟರ್‌ನ್ಯಾಷನಲ್ ಕೂಡ 2016ರಲ್ಲಿ ಜೆನಿಫರ್ ಮಾರ್ಗನ್ ಮತ್ತು ಬನ್ನಿ ಮ್ಯಾಕ್‌ಡಿಯರ್ಮಿಡ್ ಅವರನ್ನು ಒಟ್ಟಿಗೇ ಕಾರ್ಯನಿರ್ವಾಹಕ ನಿರ್ದೇಶಕರನ್ನಾಗಿ ನೇಮಿಸಿತ್ತು. ನನ್ನ ತಕರಾರು ಇಷ್ಟೇ. ನೀವು ಕೆಲಸ ಹಂಚಿಕೊಳ್ಳುತ್ತೀರಿ, ತೀರ್ಮಾನದ ಅಧಿಕಾರವನ್ನು ಹಂಚಿಕೊಳ್ಳುವುದೇ ಇಲ್ಲ.

"ಕಾರ್ಯಕ್ರಮ ಅವರದು, ಹಣಕಾಸು ನನ್ನದು" ಅನ್ನುವುದು ಕೆಲಸದ ಹಂಚಿಕೆ. ಹಣ ಸಾಲದೆ ಒಂದು ಕಾರ್ಯಕ್ರಮ ನಿಲ್ಲಿಸುವ ಪ್ರಸಂಗ ಬಂತು ಅನ್ನಿ. ಒಬ್ಬರು ನಿಲ್ಲಿಸೋಣ ಅನ್ನುತ್ತಾರೆ, ಇನ್ನೊಬ್ಬರು ಬೇಡ ಅನ್ನುತ್ತಾರೆ. ಆಗ ಕೊನೆಯ ಮಾತು ಯಾರದು? ಒಮ್ಮತ ಇರುವ ದಿನ ಈ ಪ್ರಶ್ನೆ ಏಳುವುದಿಲ್ಲ. ಒಮ್ಮತ ಮುರಿದ ದಿನ ಉತ್ತರ ಹುಡುಕಲು ಕೂತರೆ ಅದು ಜಗಳವಾಗಿಯೇ ಮುಗಿಯುತ್ತದೆ.

ಒಂದು ಸಂಸ್ಥೆಯ ಇಬ್ಬರು ನಿರ್ದೇಶಕಿಯರು ಹಳೆಯ ಗೆಳತಿಯರು, ಇಬ್ಬರೂ ಬಂಗಾರದಂಥವರು. ಹೊಸ ಯೋಜನೆಗೆ ನೆರವು ಕೊಡುತ್ತೇವೆ, ತಿಂಗಳೊಳಗೆ ಒಪ್ಪಿಗೆ ತಿಳಿಸಿ ಎಂದು ದಾನಿಗಳ ಪತ್ರ ಬಂದಿತ್ತು. ಆ ಕುರಿತ ಇಮೇಲ್‌ಗಳನ್ನು ನನಗೆ ತೋರಿಸಿದರು. "ನೀನೇ ನೋಡಿ ಹೇಳು", "ಇಲ್ಲ, ನೀನು ಹೇಳಿದ ಹಾಗೆ", ಹೀಗೆ ನಾಲ್ಕು ಸಲ. ಗಡುವು ದಾಟಿತು, ನೆರವು ಕೈತಪ್ಪಿತು. ಅದಕ್ಕಿಂತ ನನಗೆ ಬೇಸರ ತಂದಿದ್ದು ಸಿಬ್ಬಂದಿ ಕಲಿತ ಪಾಠ. ಒಬ್ಬರು ರಜೆ ಇಲ್ಲ ಅಂದರೆ ಇನ್ನೊಬ್ಬರ ಕೋಣೆಗೆ ಹೋದರಾಯಿತು.

ಹಾಗಾಗಿ ಕಳೆದ ಆರು ತಿಂಗಳ ನಡಾವಳಿ ಪುಸ್ತಕ ತೆಗೆದುಕೊಂಡು ಕೂರಿ. ನಿಜವಾಗಿ ಎದುರಾದ ಹತ್ತು ತೀರ್ಮಾನಗಳನ್ನು ಆರಿಸಿ. ಒಂದೊಂದರ ಮುಂದೆಯೂ ಕೊನೆಯ ಮಾತು ಯಾರದು, ಅದಕ್ಕೆ ಮೊದಲು ಯಾರನ್ನು ಕೇಳಲೇಬೇಕು, ಯಾರಿಗೆ ಆಮೇಲೆ ತಿಳಿಸಿದರೆ ಸಾಕು ಎಂದು ಬರೆಯಿರಿ. ಇಬ್ಬರದೂ ಒಪ್ಪಿಗೆ ಬೇಕಾದವು ಎರಡು ಮೂರು ಇರಲಿ, ಹತ್ತೂ ಬೇಡ. ಅವುಗಳಲ್ಲಿ ಹೊಂದಾಣಿಕೆ ಆಗದಿದ್ದರೆ ಎಷ್ಟು ದಿನಕ್ಕೆ ವಿಷಯ ಆಡಳಿತ ಮಂಡಳಿಗೆ ಹೋಗಬೇಕೆಂದೂ ಬರೆದಿಟ್ಟು, ಮಂಡಳಿಯಿಂದ ಠರಾವು ಮಾಡಿಸಿ. ಒಂದು ಎಚ್ಚರಿಕೆ: ನೀವಿಬ್ಬರು ಮಾಡಿಕೊಂಡ ಹಂಚಿಕೆಯಿಂದ ಮಂಡಳಿಯ ಕಾನೂನು ಹೊಣೆ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ನಿಮ್ಮ ಬೈಲಾವನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

"ಬರೆದಿಟ್ಟರೆ ನಮ್ಮ ನಡುವೆ ನಂಬಿಕೆ ಇಲ್ಲ ಅಂತ ಆಗಲ್ವಾ?" ಎಂದು ಆ ಗೆಳತಿಯರಲ್ಲೊಬ್ಬರು ಕೇಳಿದರು. ಗಡುವು ದಾಟುವವರೆಗೆ ಇಬ್ಬರೂ ಸುಮ್ಮನಿದ್ದದ್ದು ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದೇ ಅಲ್ಲವೇ ಅಂದೆ. ಆ ಪಟ್ಟಿ ಮುಗಿಯಲು ಎರಡು ಮಧ್ಯಾಹ್ನ ಹಿಡಿಯಿತು. ನೇಮಕಾತಿಯ ಸಾಲಿಗೆ ಬಂದಾಗ ಇಬ್ಬರೂ ದನಿ ಎತ್ತಿದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲಂತೆ.