ಹಾಸನದಲ್ಲಿ ಓದಿದವರಿಗೆ ಕನ್ಸಲ್ಟಿಂಗ್ ಕೆಲಸ ಸಿಗುತ್ತಾ?

ಪ್ರಶ್ನೆ: ಹಾಸನದಲ್ಲಿ ಬಿ.ಇ. ಕೊನೇ ವರ್ಷ. ಐಐಟಿ, ಐಐಎಂ ಹೆಸರು ನನ್ನ ರೆಸ್ಯುಮೆಯಲ್ಲಿಲ್ಲ. ಕನ್ಸಲ್ಟಿಂಗ್ ಆಸೆ ಬಿಟ್ಟುಬಿಡಲಾ?

ಬಿಡಬೇಡಿ. ಆದರೆ ಕಂಪನಿಗಳಿಗೆ ಸಲಹೆ ಕೊಡೋ ಈ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು ಅಂತ ಮೊದಲು ತಿಳಿದುಕೊಳ್ಳಿ.

ಮೆಕಿನ್ಸಿ, ಬಿಸಿಜಿ, ಬೇನ್ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ಐಐಎಂ, ಐಐಟಿ, ಐಎಸ್‌ಬಿ ಥರದ ಕ್ಯಾಂಪಸ್‌ಗಳಿಂದಲೇ ಆರಿಸಿಕೊಳ್ಳುತ್ತವೆ. ವೆಬ್‌ಸೈಟಲ್ಲಿ ಅರ್ಜಿ ಹಾಕಿ, ತಪ್ಪೇನಿಲ್ಲ. ಅದನ್ನೇ ನೆಚ್ಚಿಕೊಂಡು ಕೂರಬೇಡಿ ಅಷ್ಟೆ. ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ, ಆಕ್ಸೆಂಚರ್ ಕಥೆ ಬೇರೆ. ಬೆಂಗಳೂರಲ್ಲೇ ಆಫೀಸುಗಳಿವೆ, ಬೇಕಾಗುವ ಜನವೂ ಜಾಸ್ತಿ. ಸಿಎ ಮಾಡಿದವರಿಗಂತೂ ಕಾಲೇಜಿನ ಹೆಸರು ಅಷ್ಟಾಗಿ ಅಡ್ಡ ಬರುವುದಿಲ್ಲ.

ಒಂದು ಎಚ್ಚರಿಕೆ. ಕಾರ್ಡಿನ ಮೇಲೆ ‘ಕನ್ಸಲ್ಟೆಂಟ್’ ಅಂತಿದ್ದರೂ ದಿನವಿಡೀ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್ ಆಗಿರಬಹುದು. ಯಾವ ಟೀಮು, ಏನು ಕೆಲಸ ಅಂತ ಸೇರುವ ಮುಂಚೆ ಕೇಳಿ. ನಾನು ಕೇಳದೆ ಸೇರಿ, ಎಂಟು ತಿಂಗಳು ಬೇರೆಯವರ ಸ್ಲೈಡುಗಳ ಫಾಂಟ್ ಸರಿ ಮಾಡಿದ್ದೇನೆ.

ಇನ್ನು ಕೇಸ್ ಇಂಟರ್‌ವ್ಯೂ, ಅಂದರೆ ಒಂದು ಬಿಸಿನೆಸ್ ಸಮಸ್ಯೆ ಕೊಟ್ಟು ಎದುರಲ್ಲೇ ಬಿಡಿಸಿ ಅನ್ನೋ ಸಂದರ್ಶನ. ಜನ ಹೆದರೋದು ಇದಕ್ಕೇ. ಆದರೆ ಮಲೆನಾಡಿನ ಹುಡುಗರಿಗೆ ಇದು ಅಷ್ಟೇನೂ ಹೊಸದಲ್ಲ. ‘ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲಾಭ ಇಳಿದಿದೆ, ಯಾಕೆ?’ ಅಂತ ಕೇಳಿದರು ಅಂದುಕೊಳ್ಳಿ (ಕ್ಯೂರಿಂಗ್ ವರ್ಕ್ಸ್ ಅಂದರೆ ಒಣಗಿದ ಕಾಫಿ ಹಣ್ಣಿನ, ಅಂದರೆ ಚೆರ್ರಿಯ, ಸಿಪ್ಪೆ ಬಿಡಿಸಿ ಬೀಜ ತೆಗೆಯೋ ಕಾರ್ಖಾನೆ). ಪುಸ್ತಕ ಓದಿ ಬಂದವರು ಆದಾಯ, ಖರ್ಚು ಅಂತ ಎರಡು ಗೆರೆ ಎಳೆದು ನಿಲ್ಲುತ್ತಾರೆ. ಸಕಲೇಶಪುರದ ಕಡೆ ತೋಟ ಇರುವವರು ‘ಓಟಿ ಎಷ್ಟು ಬಂತು?’ ಅಂತ ಕೇಳುತ್ತಾರೆ. 50 ಕೆಜಿ ಒಣ ಚೆರ್ರಿ ಮೂಟೆಯಿಂದ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋ ಲೆಕ್ಕ ಅದು, ಔಟ್‌ಟರ್ನ್. ವರ್ಕ್ಸ್‌ನವರು 28 ಅಂತ ಹಿಡಿದು ಬೆಳೆಗಾರರಿಗೆ ದುಡ್ಡು ಕೊಟ್ಟು, ಜೊಳ್ಳು ಜಾಸ್ತಿಯಾಗಿ 26 ಬಂದರೆ? ಮೂಟೆಗೆ 2 ಕೆಜಿ ನಷ್ಟ. 1,000 ಮೂಟೆಗೆ 2,000 ಕೆಜಿ. ಕೆಜಿಗೆ 300 ರೂಪಾಯಿ ಅಂದುಕೊಂಡರೂ 6 ಲಕ್ಷ ಹೋಯ್ತು. ಹೀಗೆ ಒಂದೊಂದೇ ಮೆಟ್ಟಿಲು ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಹಾಕೋದನ್ನೇ ಅವರು ನೋಡೋದು. ಮನಸ್ಸಲ್ಲೇ ಲೆಕ್ಕ ಹಾಕಿ ಉತ್ತರ ಮಾತ್ರ ಹೇಳಿದರೆ ಕೆಟ್ಟಿತು. ಇಂಗ್ಲಿಷ್ ಅಷ್ಟು ಬರಲ್ಲ ಅನ್ನೋ ಭಯ ಇದ್ದರೆ, ರೂಮ್‌ಮೇಟ್ ಎದುರು ಕೂತು ದಿನಕ್ಕೊಂದು ಕೇಸ್ ಜೋರಾಗಿ ಬಿಡಿಸಿ. ಮೊದಲ ಹತ್ತು ಕೇಸ್ ನಗೆಪಾಟಲೇ ಆಗುತ್ತೆ, ಆಗಲಿ.

ಮೊದಲ ಏಟಿಗೇ ಸಿಗಲಿಲ್ಲ ಅಂದರೆ ಎರಡು ಮೂರು ವರ್ಷ ಯಾವುದಾದರೂ ಬ್ಯಾಂಕು, ಫ್ಯಾಕ್ಟರಿ, ಡೇಟಾ ಕಂಪನಿಯಲ್ಲಿ ದುಡಿಯಿರಿ. ಆ ಕ್ಷೇತ್ರ ಚೆನ್ನಾಗಿ ಗೊತ್ತಿರುವವರನ್ನು ಕನ್ಸಲ್ಟಿಂಗ್‌ನವರು ಮಧ್ಯದಲ್ಲೂ ಸೇರಿಸಿಕೊಳ್ಳುತ್ತಾರೆ. ಕ್ಯಾಟ್ ಪ್ರವೇಶ ಪರೀಕ್ಷೆ ಬರೆದು ಎಂಬಿಎ ಮಾಡೋ ದಾರಿಯಂತೂ ಇದ್ದೇ ಇದೆ. ಖರ್ಚು ದೊಡ್ಡದು, ಮನೆಯಲ್ಲಿ ಕೂತು ಮಾತಾಡಿ.

ಈ ವಾರವೇ ಮಾಡಬಹುದಾದ ಕೆಲಸ: ನಿಮ್ಮ ಕಾಲೇಜಿನ ಸೀನಿಯರ್‌ಗಳು ಯಾರು ಯಾರು ಈ ಕಂಪನಿಗಳಲ್ಲಿದ್ದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ‘ಸರ್, ಕೆಲಸ ಕೊಡಿಸಿ’ ಅಂದರೆ ಉತ್ತರ ಬರಲ್ಲ. ‘ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಕೇಳಬಹುದಾ?’ ಅಂದರೆ ಒಬ್ಬಿಬ್ಬರಾದರೂ ನಂಬರ್ ಕೊಡುತ್ತಾರೆ. ಮಾತು ಹೊಂದಿದರೆ ರೆಫರ್ ಮಾಡ್ತೀರಾ ಅಂತ ಆಮೇಲೆ ಕೇಳಿದರಾಯ್ತು. ಭಾನುವಾರ ಸಂಜೆ ಮಾತ್ರ ಫೋನ್ ಮಾಡಬೇಡಿ, ಸೋಮವಾರದ ಸ್ಲೈಡ್ ಮಾಡುತ್ತಾ ಕೂತಿರುತ್ತಾರೆ.